ಶೋಭೆಯೂ ರಕ್ಷೆಯೂ

ಮನೆಯಲ್ಲಿರುವ ಪದಾರ್ಥಗಳ ವಿಷಯದಲ್ಲಿ ಗೃಹಸ್ಥನಿಗೆ ಎರಡು ಕರ್ತವ್ಯಗಳುಂಟು. ಅವುಗಳನ್ನು ಶುದ್ಧವಾಗಿಯೂ ಶೋಭೆಯಾಗಿಯೂ ಇಟ್ಟುಕೊಳ್ಳುವುದು ಒಂದು. ಬೇಗನೆ ಕೆಡದಂತೆ ಕಾಪಾಡುವುದು ಮತ್ತೊಂದು. ಸಾಮಾನ್ಯವಾಗಿ ಈ ಎರಡೂ ಒಂದೇ ಎಂದು ಜನರು ಭಾವಿಸುವರು. ಬೆಳಗಿಟ್ಟ ಪಾತ್ರೆಯು ನೋಡುವುದಕ್ಕೆ ಚೆನ್ನಾಗಿರುವುದರಿಂದ ಅದನ್ನು ಚೆನ್ನಾಗಿ ಕಾಪಾಡಿದ್ದಾರೆಂಬ ನಂಬಿಕೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಸ್ವಲ್ಪ ವಿಚಾರಮಾಡಿದರೆ, ಶೋಭೆಯನ್ನುಂಟುಮಾಡುವ ಕೆಲಸವೇ ಕೆಲವು ವೇಳೆ ಪದಾರ್ಥದ ಆಯುಸ್ಸನ್ನು ಕಡಿಮೆಮಾಡುವುದುಂಟೆಂದು ತಿಳಿದುಬರುತ್ತದೆ. ಹಾಗಾದಲ್ಲಿ ಎರಡು ಕರ್ತವ್ಯಗಳಲ್ಲಿ ಯಾವುದು ಹೆಚ್ಚು? ಒಂದಕ್ಕಾಗಿ ಮತ್ತೊಂದನ್ನು ಎಷ್ಟರ ಮಟ್ಟಿಗೆ ಬಿಟ್ಟುಕೊಡಬಹುದು? ಇದು ಮೇಲುನೋಟಕ್ಕೆ ಅಲ್ಪವಾದ ಪ್ರಶ್ನೆಯಂತೆ ಕಂಡರೂ ಧರ್ಮವಿಚಾರಕ್ಕೆ ತಕ್ಕುದೇ ಆಗಿದೆ.

ಇದನ್ನು ಪರೀಕ್ಷಿಸುವುದಕ್ಕೆ ಮೋಟಾರು ಕಾರಿನ ಮೈಬಣ್ಣವು ಒಳ್ಳೆಯ ಉದಾಹರಣೆ. ಕಾರು ಈಗ ಸಾಧಾರಣ ಗೃಹಸ್ಥರ ಮನೆಗಳ ಮುಂದೆಯೂ ನಿಂತಿರುತ್ತದೆ. ಮಹಾನವಮಿಯ ಆಯುಧಪೂಜೆಯಂದು ಅದನ್ನು ತೊಳೆದು, ಗಂಧ ಕುಂಕುಮಗಳನ್ನಿಟ್ಟು, ಹೂಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಯ ಹಣ್ಣನ್ನಿಟ್ಟು ಪೂಜಿಸುವ ರೂಢಿ ಕರ್ಣಾಟಕದಲ್ಲಿ ಎಲ್ಲರಿಗೂ ತಿಳಿದದ್ದು. ಅಂಥ ಹಬ್ಬದ ಹಿಂದಿನ ದಿನ ಮನೆಮನೆಯ ಮುಂದೆಯೂ ಬಕೆಟ್ಟು, ಬಟ್ಟೆ, ಪಾಲಿಷಿನ ಡಬ್ಬಿಗಳು ಹೊರಬರುತ್ತವೆ. ಮಂಕಾದ ಬಣ್ಣವನ್ನು ಹೊಸದರಂತೆ ಮಾಡಬೇಕೆಂಬ ಉತ್ಸಾಹದಿಂದ ಮನೆಯ ಯುವಕರು ತೋಳು ಸೋಲುವವರೆಗೂ ಉಜ್ಜುತ್ತಾರೆ. ಸಂಜೆಯ ಹೊತ್ತಿಗೆ ಕಾರು ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪು ಎಲ್ಲಿಂದ ಬಂದಿತೆಂದು ಕೇಳುವವರು ಮಾತ್ರ ವಿರಳ.

ಇದಕ್ಕೆ ಉತ್ತರ ಬೇಕಾದರೆ ಮೊದಲು ಬಣ್ಣದ ಸ್ವರೂಪವನ್ನು ಅರಿಯಬೇಕು. ಮೊದಮೊದಲು ಕಾರುಗಳಿಗೆ ಕುದುರೆಯ ಸಾರೋಟುಗಳಿಗೆ ಬಳಿಯುತ್ತಿದ್ದ ಎಣ್ಣೆಬಣ್ಣವನ್ನೂ ಮೆರುಗೆಣ್ಣೆಯನ್ನೂ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗುವುದಕ್ಕೆ ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯು ಜನರಲ್ ಮೋಟಾರ್ಸಿನೊಡನೆ ಸೇರಿ ಡ್ಯೂಕೋ ಎಂಬ ಬೇಗ ಒಣಗುವ ಲ್ಯಾಕರನ್ನು ಬಳಕೆಗೆ ತಂದಿತು. 1924ರ ಮಾದರಿಯ ಓಕ್ಲೆಂಡ್ ಕಾರುಗಳು ನೀಲಿಬಣ್ಣವನ್ನು ಧರಿಸಿ ಹೊರಬಂದುದು ಅದರಿಂದಲೇ. ಇಂಥ ಬಣ್ಣಗಳಲ್ಲಿ ವರ್ಣವೂ ಮೆರುಗೂ ಒಂದೇ ಲೇಪದಲ್ಲಿ ಕೂಡಿಕೊಂಡಿರುತ್ತಿದ್ದವು. ಬಿಸಿಲಿನಿಂದ ಮೇಲ್ಮೈ ಸುಣ್ಣದ ಪುಡಿಯಂತಾದಾಗ ಯಜಮಾನನು ಪಾಲಿಷು ಹಚ್ಚಿ ಉಜ್ಜುವನು. ಕಾರು ಕೆಂಪಾಗಿದ್ದರೆ ಬಟ್ಟೆಯೂ ಕೆಂಪಾಗುವುದು, ಹಸುರಾಗಿದ್ದರೆ ಹಸುರಾಗುವುದು. ಹೊಳಪಿಗಾಗಿ ಎಷ್ಟು ಬಣ್ಣ ವ್ಯಯವಾಯಿತೆಂಬುದಕ್ಕೆ ಆ ಬಟ್ಟೆಯೇ ಸಾಕ್ಷಿಯಾಗಿತ್ತು.

1980ರ ದಶಕದಿಂದೀಚೆಗೆ ಈ ಕ್ರಮವು ಬಹುಮಟ್ಟಿಗೆ ಬದಲಾಯಿತು. ಈಗಿನ ಕಾರಿನಲ್ಲಿ ಉಕ್ಕಿನ ತಗಡಿನ ಮೇಲೆ ತುಕ್ಕನ್ನು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ವರ್ಣವುಳ್ಳ ತೆಳುವಾದ ಪದರ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಮೆರುಗಿನ ಪದರ, ಹೀಗೆ ಕ್ರಮವಾಗಿರುತ್ತವೆ. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೇಲಿನ ಮೆರುಗಿನ ಪದರವೊಂದೇ ಸುಮಾರು 35ರಿಂದ 50 ಮೈಕ್ರಾನ್. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುವುದರಿಂದ, ಕಾರಿನ ಶೋಭೆಯೆಲ್ಲವೂ ಕೂದಲಿಗಿಂತ ತೆಳುವಾದ ಒಂದು ಪೊರೆಯನ್ನು ಆಶ್ರಯಿಸಿದೆಯೆಂದು ಹೇಳಬಹುದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ವರ್ಣವನ್ನು ಕಾಪಾಡುವ ದ್ರವ್ಯಗಳೂ ಆ ಪೊರೆಯಲ್ಲಿಯೇ ಇವೆ. ಇದನ್ನು ಉಜ್ಜಿದರೆ ಬಟ್ಟೆಗೆ ಬಣ್ಣವು ಹತ್ತುವುದಿಲ್ಲ. ವ್ಯಯವು ಹಿಂದಿನಂತೆಯೇ ನಡೆಯುತ್ತಿರುವುದು; ಸಾಕ್ಷಿ ಮಾತ್ರ ಇಲ್ಲವಾಗಿದೆ.

ಇನ್ನು ಬಣ್ಣವು ಮಂಕಾಗುವುದೇಕೆ ಎಂಬುದನ್ನು ನೋಡಬೇಕು. ಮಂಕುತನಕ್ಕೆ ಮೂರು ಕಾರಣಗಳಿವೆ. ಮೇಲೆ ಕುಳಿತ ಧೂಳು, ಜಿಡ್ಡು ಮೊದಲಾದ ಕೊಳೆ ಮೊದಲನೆಯದು. ಬಣ್ಣಕ್ಕೆ ಕಚ್ಚಿಕೊಂಡಿರುವ ಮರದ ಅಂಟು, ರಸ್ತೆಯ ಟಾರು, ಬ್ರೇಕಿನಿಂದ ಸಿಡಿದ ಕಬ್ಬಿಣದ ಕಣಗಳು, ಕೊಳವೆ ಬಾವಿಯ ಗಡಸು ನೀರು ಆರಿದಾಗ ಉಳಿಯುವ ಬಿಳಿಯ ಕಲೆಗಳು ಎರಡನೆಯದು. ಮೂರನೆಯದು ಗೀರು. ಬಿಸಿಲಿನಲ್ಲಿ ಕಾರಿನ ಬಾನೆಟ್ಟನ್ನು ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತಲೂ ಜೇಡರ ಬಲೆಯಂತೆ ವರ್ತುಲಾಕಾರವಾದ ಸಣ್ಣ ಗೆರೆಗಳು ಕಾಣುತ್ತವೆ. ವಾಸ್ತವವಾಗಿ ಆ ಗೀರುಗಳು ವರ್ತುಲಗಳಲ್ಲ. ಎಲ್ಲ ದಿಕ್ಕಿಗೂ ಹರಡಿರುವ ಅಸಂಖ್ಯಾತ ಗೀರುಗಳಲ್ಲಿ, ಬೆಳಕಿಗೆ ಅಡ್ಡವಾಗಿ ಬಿದ್ದಿರುವುವು ಮಾತ್ರ ಮಿಂಚಿ ಕಣ್ಣಿಗೆ ಬೀಳುವುದರಿಂದ ವರ್ತುಲದ ಭ್ರಾಂತಿಯುಂಟಾಗುತ್ತದೆ. ನೋಡುವವನು ಎರಡು ಹೆಜ್ಜೆ ಸರಿದರೆ ವರ್ತುಲವೂ ಸರಿಯುತ್ತದೆ. ಮೋಡ ಕವಿದರೆ ಅದು ಕಾಣುವುದೇ ಇಲ್ಲ. ವರ್ತುಲವು ದೃಷ್ಟಿಯಲ್ಲಿದೆ, ಗೀರು ವಸ್ತುವಿನಲ್ಲಿದೆ.

ಈ ಮೂರು ದೋಷಗಳನ್ನೂ ಜನರು ಒಂದೇ ವರ್ಗಕ್ಕೆ ಸೇರಿಸಿ, ಎಲ್ಲವನ್ನೂ ಉಜ್ಜಿ ತೆಗೆಯಬಹುದೆಂದು ತಿಳಿಯುವರು. ತಪ್ಪಿನ ಮೂಲವು ಇಲ್ಲಿದೆ. ಕೊಳೆಯೆಂಬುದು ಒಂದು ಭಾವಪದಾರ್ಥ. ಅದು ಬಂದು ಸೇರಿದ್ದು. ಅದನ್ನು ತೆಗೆದುಹಾಕಿದರೆ ಮೂಲವಸ್ತುವು ಇದ್ದಂತೆಯೇ ಉಳಿಯುತ್ತದೆ. ಗೀರಾದರೋ ಅಭಾವ. ಅಲ್ಲಿ ಇರಬೇಕಾದದ್ದು ಹೋಗಿದೆ. ಇಲ್ಲದಿರುವುದನ್ನು ತೆಗೆಯುವುದು ಹೇಗೆ? ಪಾಲಿಷು ಮಾಡುವುದೆಂದರೆ ಗೀರನ್ನು ತೆಗೆಯುವುದೂ ಅಲ್ಲ, ತುಂಬುವುದೂ ಅಲ್ಲ. ಅಲ್ಯೂಮಿನಿಯಂ ಆಕ್ಸೈಡಿನಂಥ ಗಡಸು ದ್ರವ್ಯದ ಅತಿಸೂಕ್ಷ್ಮವಾದ ಪುಡಿಯಿಂದ ಸುತ್ತಲಿನ ಮೆರುಗನ್ನೆಲ್ಲ ಗೀರಿನ ತಳದವರೆಗೂ ತೇಯ್ದು ಸಮಮಾಡುವುದೇ ಅದರ ತತ್ತ್ವ. ಒಂದು ಗೀರಿನ ನಷ್ಟವನ್ನು ಇಡೀ ಮೈಗೆ ಹಂಚಿದಾಗ ಆ ನಷ್ಟವು ಕಣ್ಣಿಗೆ ಕಾಣದೆ ಹೋಗುತ್ತದೆ. ಹಗುರವಾಗಿ ಒಮ್ಮೆ ಪಾಲಿಷು ಮಾಡಿದರೆ ಹೋಗುವುದು ಒಂದು ಮೈಕ್ರಾನಿನ ಆಸುಪಾಸು. ಒರಟಾದ ಕಾಂಪೌಂಡನ್ನು ಹಚ್ಚಿ ಯಂತ್ರದಿಂದ ಉಜ್ಜಿದರೆ ಹಲವು ಮೈಕ್ರಾನ್ ಹೋಗಬಹುದು. ವರ್ಷವರ್ಷವೂ ಹೀಗೆ ಮಾಡುತ್ತ ಹೋದರೆ ಪೊರೆಯು ತೆಳುವಾಗಿ, ಬಿಸಿಲನ್ನು ತಡೆಯಲಾರದೆ, ಕೊನೆಗೆ ಬಿಳಿಯ ಹೊಟ್ಟಿನಂತೆ ಏಳತೊಡಗುತ್ತದೆ. ಆ ಸ್ಥಿತಿಗೆ ಬಂದ ಮೇಲೆ ಯಾವ ಪಾಲಿಷಿನಿಂದಲೂ ಪ್ರಯೋಜನವಿಲ್ಲ. ಹೊಸದಾಗಿ ಬಣ್ಣ ಹಾಕಿಸುವುದೊಂದೇ ದಾರಿ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಹೊಳಪೆಂಬುದು ವಸ್ತುವಿನ ಸ್ವಂತ ಧರ್ಮ, ಅದು ಮರೆಯಾಗಿರುತ್ತದೆ, ಉಜ್ಜುವುದರಿಂದ ಪ್ರಕಟವಾಗುತ್ತದೆ, ಅಷ್ಟೇ, ಇದರಲ್ಲಿ ನಷ್ಟವೆಲ್ಲಿಂದ ಬಂತು ಎಂದು. ಈ ವಾದವು ಹೊಸದಲ್ಲ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಸಂಸ್ಕಾರವನ್ನು ವಿಚಾರಮಾಡುತ್ತ, ಇಲ್ಲದ ಗುಣವನ್ನು ಕೂಡಿಸುವುದು ಇಲ್ಲವೆ ಇರುವ ದೋಷವನ್ನು ಕಳೆಯುವುದು ಎಂದು ಅದನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಆ ಪ್ರಸಂಗದಲ್ಲಿಯೇ, ತಿಕ್ಕುವುದರಿಂದ ಕನ್ನಡಿಯ ಹೊಳಪು ತೋರುವಂತೆ ಕರ್ಮದಿಂದ ಆತ್ಮನ ಮರೆಯಾದ ಧರ್ಮವು ತೋರಬಾರದೇಕೆ ಎಂಬ ಆಕ್ಷೇಪವನ್ನು ತಂದು, ಅದಕ್ಕೆ ಸಮಾಧಾನವನ್ನು ಹೇಳಿದ್ದಾರೆ. ಯಾವ ಕ್ರಿಯೆಯೇ ಆಗಲಿ ತನ್ನ ಆಶ್ರಯವನ್ನು ವಿಕಾರಗೊಳಿಸದೆ ನಡೆಯಲಾರದು. ಆತ್ಮನು ಹಾಗೆ ವಿಕಾರಹೊಂದಿದರೆ ಅನಿತ್ಯನಾಗಬೇಕಾದೀತು. ಆದ್ದರಿಂದ ಅಲ್ಲಿ ಸಂಸ್ಕಾರಕ್ಕೆ ಅವಕಾಶವಿಲ್ಲ ಎಂಬುದು ಆ ಸಮಾಧಾನದ ತಾತ್ಪರ್ಯ. ಆಚಾರ್ಯರ ವಿಷಯವು ಆತ್ಮನ ನಿತ್ಯತ್ವ. ಆದರೆ ಆ ಯುಕ್ತಿಯನ್ನು ತಿರುಗಿಸಿ ನೋಡಿದರೆ ಲೋಕವ್ಯವಹಾರಕ್ಕೂ ಒಂದು ಪಾಠ ದೊರೆಯುತ್ತದೆ. ತಿಕ್ಕಿಸಿಕೊಳ್ಳಬಲ್ಲದ್ದೆಲ್ಲವೂ ವಿಕಾರಹೊಂದುವಂಥದು, ಆದಕಾರಣ ಸವೆಯುವಂಥದು. ಲೋಹದ ಕನ್ನಡಿಯಾಗಲಿ ಕಾರಿನ ಮೈಯಾಗಲಿ ತನ್ನಿಂದ ಏನನ್ನೂ ಕೊಡದೆ ಹೊಳೆಯುವುದಿಲ್ಲ.

ಮನೆವಾರ್ತೆಯನ್ನು ಬಲ್ಲ ಗೃಹಿಣಿಯರಿಗೆ ಇದು ತಿಳಿಯದ ಮಾತಲ್ಲ. ಹುಣಸೆಹಣ್ಣಿನಿಂದ ಬೆಳಗಿದ ಹಿತ್ತಾಳೆಯ ಪಾತ್ರೆ ಚಿನ್ನದಂತೆ ಹೊಳೆಯುವುದು. ಆದರೆ ತಲೆಮಾರುಗಳ ಕಾಲ ಬೆಳಗಿದ ಚೊಂಬಿನ ಕಂಠದ ಚಿತ್ತಾರವು ನಯವಾಗಿ ಅಳಿಸಿಹೋಗಿರುವುದನ್ನೂ ಅವರು ಕಂಡಿರುತ್ತಾರೆ. ವಿದ್ವಾಂಸರ ಸಂಸ್ಥೆಗಳೂ ಈ ವಿಷಯದಲ್ಲಿ ಎಡವಿದ್ದುಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 1937-38ರಲ್ಲಿ ಗ್ರೀಸ್ ದೇಶದ ಪಾರ್ಥೆನಾನ್ ದೇವಾಲಯದ ಅಮೃತಶಿಲೆಯ ಶಿಲ್ಪಗಳನ್ನು ಬೆಳ್ಳಗೆ ಮಾಡಬೇಕೆಂಬ ಆತುರದಿಂದ ತಾಮ್ರದ ಉಪಕರಣಗಳಿಂದಲೂ ಕಾರ್ಬೊರಂಡಮ್ಮಿನಿಂದಲೂ ಕೆರೆದರು. ಶತಮಾನಗಳಿಂದ ಬಂದಿದ್ದ ಜೇನಿನ ಬಣ್ಣದ ಮೇಲ್ಮೈ ಹಲವೆಡೆ ಹೊರಟುಹೋಯಿತು. ಶಿಲ್ಪಗಳು ಬೆಳ್ಳಗೇನೋ ಆದುವು. ಹೋದದ್ದು ಮರಳಿ ಬರಲಿಲ್ಲ.

ಹಾಗಾದರೆ ಕಾರನ್ನು ಮಂಕಾಗಿಯೇ ಬಿಡಬೇಕೆ? ಹಾಗೂ ಅಲ್ಲ. ಶೋಭೆಯನ್ನು ಬಯಸುವುದು ದೋಷವಲ್ಲ. ಕಾರು ಉಪಯೋಗದ ವಸ್ತು. ತನ್ನ ಕೈಯಿಂದಲೇ ದುಡಿದು ಅದನ್ನು ಚೆಲುವಾಗಿಸಿದವನ ಸಂತೋಷವು ನಿರ್ಮಲವಾದದ್ದು. ಉಜ್ಜದೆ ಬಿಟ್ಟರೂ ಹಾನಿಯಿಲ್ಲದಿಲ್ಲ. ಹಕ್ಕಿಯ ಹಿಕ್ಕೆ, ಮರದ ಅಂಟು, ಪೂಜೆಯ ಕುಂಕುಮ, ಬಾಡಿದ ಹೂವಿನ ರಸ ಇವುಗಳನ್ನು ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಅವು ಮೆರುಗಿನೊಳಕ್ಕೆ ಇಳಿದು ಕಲೆಯನ್ನುಳಿಸುತ್ತವೆ. ಆದ್ದರಿಂದ ಬೇಕಾದದ್ದು ಒಂದು ತಾರತಮ್ಯ: ಬಂದು ಸೇರಿದ್ದನ್ನು ಬೇಗನೆ ಕಳೆಯಬೇಕು, ವಸ್ತುವಿನದೇ ಆದದ್ದನ್ನು ವ್ಯಯಮಾಡುವ ಮೊದಲು ನಿಂತು ಯೋಚಿಸಬೇಕು.

ಇದನ್ನು ಅನುಸರಿಸಿ ಮನೆಯಲ್ಲಿ ಮಾಡುವ ಕೆಲಸಕ್ಕೆ ಒಂದು ಕ್ರಮವುಂಟು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ, ಮೊದಲು ಬರಿಯ ನೀರಿನಿಂದ ಧೂಳನ್ನು ಇಳಿಸಬೇಕು. ಒಣ ಬಟ್ಟೆಯಿಂದ ಧೂಳನ್ನೊರಸುವುದೆಂದರೆ ಮರಳಿನಿಂದ ಉಜ್ಜಿದಂತೆಯೇ ಸರಿ. ಬಳಿಕ ಎರಡು ಬಕೆಟ್ಟುಗಳನ್ನಿಟ್ಟುಕೊಂಡು, ಒಂದರಲ್ಲಿ ಕಾರಿಗೆಂದೇ ಮಾಡಿದ ಸೌಮ್ಯವಾದ ಶಾಂಪೂವಿನ ನೀರನ್ನೂ ಮತ್ತೊಂದರಲ್ಲಿ ಬರಿಯ ನೀರನ್ನೂ ತುಂಬಿ, ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬರಬೇಕು. ಕೊಳೆಯ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಶಾಂಪೂವಿನಲ್ಲಿ ಅದ್ದಬೇಕು. ಪಾತ್ರೆ ತೊಳೆಯುವ ಸಾಬೂನು ಮೇಣದ ಲೇಪವನ್ನು ಕಳೆಯುವುದರಿಂದ ಅದು ತಕ್ಕುದಲ್ಲ. ತೊಳೆದಾದ ಮೇಲೆ ನೀರು ತಾನಾಗಿ ಆರುವ ಮೊದಲೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ತೇವವನ್ನು ತೆಗೆಯಬೇಕು.

ಅನಂತರ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಬಣ್ಣದ ಮೇಲೆ ಹಗುರವಾಗಿ ಆಡಿಸಿದರೆ, ಕಣ್ಣಿಗೆ ಕಾಣದ ಕಣಗಳು ತರಿತರಿಯಾಗಿ ಬೆರಳಿಗೆ ತಿಳಿಯುತ್ತವೆ. ಅವುಗಳನ್ನು ತೆಗೆಯುವುದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯು ದೊರೆಯುತ್ತದೆ. ಜಾರುವ ದ್ರವವನ್ನು ಸಿಂಪಡಿಸಿ ಅದನ್ನು ಮೆಲ್ಲನೆ ಎಳೆದರೆ ಕಣಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಮುದ್ದೆಯು ನೆಲಕ್ಕೆ ಬಿದ್ದರೆ ಮತ್ತೆ ಉಪಯೋಗಿಸಬಾರದು. ಅನೇಕ ಕಾರುಗಳಿಗೆ ಇಷ್ಟೇ ಸಾಕಾಗುತ್ತದೆ. ಬಣ್ಣವು ಹಳೆಯದಾಯಿತೆಂದು ತಿಳಿದಿದ್ದವರು ಅದು ಕೇವಲ ಕೊಳೆಯಾಗಿತ್ತೆಂದು ಆಗ ಕಾಣುವರು.

ಇದಾದ ಮೇಲೂ ಗೀರುಗಳು ಮನಸ್ಸಿಗೆ ತೊಂದರೆಕೊಟ್ಟರೆ ಮಾತ್ರ ಪಾಲಿಷಿನ ಮಾತು. ಉಗುರನ್ನು ಅಡ್ಡವಾಗಿ ಎಳೆದಾಗ ತಡೆಯುವಷ್ಟು ಆಳವಾದ ಗೀರನ್ನು ತೇಯ್ದು ಸಮಮಾಡಲು ಹೋಗಬಾರದು. ಅಷ್ಟು ಮೆರುಗನ್ನು ಕಳೆದುಕೊಳ್ಳುವುದಕ್ಕಿಂತ ಗೀರೇ ಮೇಲು. ತಗಡು ಕಾಣುವಷ್ಟು ಆಳವಾಗಿದ್ದರೆ ತುಕ್ಕು ಹಿಡಿಯದಂತೆ ಅದೇ ಬಣ್ಣದ ಹನಿಯಿಂದ ಮುಚ್ಚಬೇಕು. ಉಳಿದುವಕ್ಕೆ, ಯಾವ ಭಾಗವೂ ಹೆಚ್ಚಾಗಿ ಕಾಣದಂಥ ಒಂದು ಮೂಲೆಯಲ್ಲಿ, ಎಲ್ಲಕ್ಕಿಂತ ಸೌಮ್ಯವಾದ ಪಾಲಿಷನ್ನೂ ಮೆತ್ತನೆಯ ಸ್ಪಂಜನ್ನೂ ಮೊದಲು ಪರೀಕ್ಷಿಸಬೇಕು. ಅದರಿಂದಲೇ ಸಾಕಷ್ಟು ಫಲ ಬಂದರೆ ಅದಕ್ಕಿಂತ ತೀಕ್ಷ್ಣವಾದುದನ್ನು ಮುಟ್ಟತಕ್ಕದ್ದಲ್ಲ. ಅಂಚುಗಳಲ್ಲಿಯೂ ಏಣುಗಳಲ್ಲಿಯೂ ಮೆರುಗು ತೆಳುವಾಗಿರುವುದರಿಂದ ಅಲ್ಲಿ ಅಂಟುಪಟ್ಟಿಯನ್ನು ಹಾಕಿ ಬಿಟ್ಟುಬಿಡುವುದು ವಿವೇಕ. ಕೊನೆಗೆ ಮೇಣವನ್ನು ಹಚ್ಚಬೇಕು. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಗರಿಗಳಿಂದ ತೆಗೆಯುವ ಕಾರ್ನೌಬಾ ಮೇಣವು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಿಲ್ಲುತ್ತದೆ. ಸೆರಾಮಿಕ್ ಲೇಪಗಳು ವರ್ಷಗಳವರೆಗೆ ನಿಲ್ಲಬಲ್ಲವು. ಆದರೆ ಅವುಗಳಿದ್ದರೆ ಗೀರೇ ಬೀಳದೆಂಬ ಮಾತು ಸತ್ಯವಲ್ಲ. ಉಜ್ಜಿದ ಹೊಳಪು ಮೆರುಗನ್ನು ವ್ಯಯಮಾಡಿ ಬಂದದ್ದು; ಮೇಣವಾದರೋ ಬಿಸಿಲು ಮಳೆಗಳಿಗೆ ತನ್ನನ್ನು ಒಡ್ಡಿ ಮೆರುಗನ್ನು ಉಳಿಸುತ್ತದೆ.

ಇಷ್ಟು ವಿಚಾರಮಾಡಿದಾಗ ಗೀರುಗಳು ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಯೂ ಏಳುತ್ತದೆ. ಅವುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಬಿದ್ದುವಲ್ಲ, ಶುಚಿಮಾಡುವಾಗ ಬಿದ್ದುವು. ದೊಡ್ಡ ಊರುಗಳಲ್ಲಿ ಬೆಳಗಿನ ಜಾವ ಬಂದು ಹತ್ತಾರು ಕಾರುಗಳನ್ನು ಒರಸಿಹೋಗುವ ಕೆಲಸಗಾರನುಂಟು. ಗೀರು ಕಂಡೊಡನೆ ಯಜಮಾನನು ಅವನನ್ನು ಗದರಿಸುವನು. ಆದರೆ ಅವನಿಗೆ ದೊರೆತಿರುವುದು ಒಂದು ಬಕೆಟ್ಟು ನೀರು, ಒಂದು ಹಳೆಯ ಬಟ್ಟೆ, ಒಂದೊಂದು ಕಾರಿಗೆ ಕೆಲವೇ ನಿಮಿಷಗಳ ಕಾಲ, ಅದಕ್ಕೆ ತಕ್ಕಂತೆ ಅಲ್ಪವಾದ ಸಂಬಳ. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಮೈಯನ್ನು ಗೀರುವುದು ಅವನ ಅಲಕ್ಷ್ಯದಿಂದಲೋ, ಅವನಿಗೆ ಎರಡನೆಯ ಬಟ್ಟೆಯನ್ನು ಕೊಡದವರ ಜಿಪುಣತನದಿಂದಲೋ? ಸಾವಿರಾರು ರೂಪಾಯಿಗಳನ್ನು ತೆತ್ತು ಹೊಳಪನ್ನು ಮರಳಿ ತರಿಸುವವನು, ನಾಲ್ಕು ಶುಭ್ರವಾದ ಬಟ್ಟೆಗಳನ್ನು ಮೊದಲೇ ಕೊಟ್ಟಿದ್ದರೆ ಎರಡೂ ಉಳಿಯುತ್ತಿದ್ದುವು. ತಾನು ಕೊಡದ ಸಾಧನದ ಫಲವನ್ನು ಪರರಿಂದ ಬೇಡುವುದು ನ್ಯಾಯವಲ್ಲ.

ನೀರಿನ ವಿಷಯವೂ ಇದರೊಡನೆ ಸೇರಿದೆ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಕಷ್ಟವಾದಾಗ, ಅಲ್ಲಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯಬಾರದೆಂದು ವಿಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ನಿಮಿಷಕ್ಕೆ 10 ಲೀಟರ್ ಹರಿಯುವ ಕೊಳವೆಯನ್ನು ಕಾಲು ಗಂಟೆ ತೆರೆದಿಟ್ಟರೆ 150 ಲೀಟರ್ ನೀರು ಚರಂಡಿಗೆ ಹೋಗುತ್ತದೆ. ಅದೇ ಕೆಲಸವು ಮೂರು ನಾಲ್ಕು ಬಕೆಟ್ಟುಗಳಲ್ಲಿ ಆಗುವಂಥದು. ಹಿಡಿದಿಟ್ಟ ಮಳೆನೀರಾದರೆ ಗಡಸುತನವಿಲ್ಲದ್ದರಿಂದ ಕಲೆಯೂ ಉಳಿಯುವುದಿಲ್ಲ. ನೆರೆಯವರ ಮನೆಯಲ್ಲಿ ಕೊಡ ಬರಿದಾಗಿರುವಾಗ ತನ್ನ ಬಾಗಿಲಲ್ಲಿ ಕಾರು ಹೊಳೆಯುವುದು ಶೋಭೆಯೆನಿಸಲಾರದು. ಅಂಥ ಕಾಲದಲ್ಲಿ ಕಾರಿನ ಮೇಲಿನ ಧೂಳೇ ಯಜಮಾನನ ಮರ್ಯಾದೆಯನ್ನು ಕಾಯುತ್ತದೆ.

ಮತ್ತೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಗೀರನ್ನು ತೇಯದೆ, ಎಣ್ಣೆ ಮೇಣಗಳಿಂದ ತುಂಬಿ ಮರೆಮಾಡುವ ಪಾಲಿಷುಗಳೂ ಅಂಗಡಿಯಲ್ಲಿ ದೊರೆಯುತ್ತವೆ. ನಾಲ್ಕು ಸಲ ತೊಳೆದರೆ ಗೀರುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ತನ್ನ ಕಣ್ಣಿನ ಸಂತೋಷಕ್ಕಾಗಿ ಇದನ್ನು ಹಚ್ಚುವುದರಲ್ಲಿ ತಪ್ಪಿಲ್ಲ. ಮೆರುಗು ಉಳಿಯುವುದರಿಂದ ಅದೇ ಮೇಲೆಂದೂ ಹೇಳಬಹುದು. ಆದರೆ ಕಾರನ್ನು ಮಾರುವ ದಿನ ಹಚ್ಚಿ, ಕೊಳ್ಳುವವನಿಗೆ ಬಣ್ಣವು ನಿರ್ದೋಷವೆಂದು ತೋರಿಸಿದರೆ ಅದೇ ದ್ರವ್ಯವು ವಂಚನೆಯ ಸಾಧನವಾಗುತ್ತದೆ. ಪದಾರ್ಥವು ಒಂದೇ; ಸಂಕಲ್ಪದಿಂದ ಅದರ ಗುಣದೋಷ. ಮೆರುಗನ್ನೆಲ್ಲ ಉಜ್ಜಿ ಮುಗಿಸಿ, ಕನ್ನಡಿಯಂತೆ ಮಾಡಿ ಮಾರುವವನು ಮಾಡುವುದೂ ಇದಕ್ಕಿಂತ ಉತ್ತಮವಾದದ್ದೇನಲ್ಲ. ಅವನು ಮುಂದಿನವನ ಪಾಲನ್ನು ತಾನೇ ಖರ್ಚುಮಾಡಿ, ಹೊಳಪಿನ ಬೆಲೆಯನ್ನೂ ಅವನಿಂದಲೇ ತೆಗೆದುಕೊಳ್ಳುವನು.

ಜನರ ದೋಷಗಳನ್ನು ತಿದ್ದುವವರೂ ಈ ಉದಾಹರಣೆಯನ್ನು ನೆನೆಯಬಹುದು. ಮಗನಲ್ಲಾಗಲಿ ಶಿಷ್ಯನಲ್ಲಾಗಲಿ ಒಂದು ಗೀರು ಕಂಡೊಡನೆ ಇಡೀ ಸ್ವಭಾವವನ್ನು ತೇಯುವುದಕ್ಕೆ ಕೈಹಾಕುವ ಹಿರಿಯರುಂಟು. ಬಂದು ಸೇರಿದ ಕೊಳೆ ಯಾವುದು, ಪೆಟ್ಟಿನಿಂದಾದ ಗೀರು ಯಾವುದು ಎಂಬುದನ್ನು ಅವರು ನೋಡುವುದಿಲ್ಲ. ಕೊಳೆಯು ಮೆತ್ತನೆಯ ಮಾತಿನಿಂದ ಹೋಗುತ್ತದೆ. ಗೀರನ್ನು ಅಳಿಸಬೇಕೆಂದು ಹಟತೊಟ್ಟರೆ ಮಗುವಿನ ಸ್ವಂತ ತೇಜಸ್ಸೂ ಅದರೊಡನೆ ಸವೆದುಹೋಗುತ್ತದೆ; ಮಗುವು ನಯವಾಗಿ ಕಂಡರೂ ಮುಂದೆ ಬರುವ ಬಿಸಿಲನ್ನು ತಾಳುವ ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ.

ಒಟ್ಟಿನಲ್ಲಿ, ಶೋಭೆಯೂ ರಕ್ಷೆಯೂ ಒಂದನ್ನೊಂದು ವಿರೋಧಿಸುವಾಗ ರಕ್ಷೆಗೆ ಮೊದಲ ಸ್ಥಾನವೆಂದೂ, ರಕ್ಷೆಗೆ ಹಾನಿಯಿಲ್ಲದಷ್ಟು ಶೋಭೆಯನ್ನು ಸಂತೋಷವಾಗಿ ಪಡೆಯಬಹುದೆಂದೂ ಸಿದ್ಧವಾಗುತ್ತದೆ. ವಾರಕ್ಕೊಮ್ಮೆ ಎಚ್ಚರಿಕೆಯಿಂದ ತೊಳೆದು, ಕಾಲಕಾಲಕ್ಕೆ ಮೇಣ ಹಚ್ಚಿ, ನೆರಳಿನಲ್ಲಿ ನಿಲ್ಲಿಸಿದ ಕಾರು ಹತ್ತು ವರ್ಷಗಳಾದ ಮೇಲೂ ತಕ್ಕಮಟ್ಟಿಗೆ ಹೊಳೆಯುತ್ತಲೇ ಇರುತ್ತದೆ. ಅದರ ಮೈಮೇಲೆ ನಾಲ್ಕಾರು ಸಣ್ಣ ಗೀರುಗಳು ಉಳಿದಿರಬಹುದು. ಬಿಸಿಲಿನಲ್ಲಿ ಅವು ಕಂಡರೆ ಕಾಣಲಿ; ಅವುಗಳ ಕೆಳಗೆ ಮೆರುಗು ಇನ್ನೂ ಇದೆ.